ಯುದ್ಧದ ಸಿನಿಮಾಕ್ಕೆ ಕನ್ನಡ ಹೇಳಿದ್ದು

ಕಡಿಮೆ ಮಾತಾಡುವವನಿಗೇ ಇಂಥವು ಹೆಚ್ಚು ಆಗುತ್ತವೆ. ಯಾಕೋ ಗೊತ್ತಿಲ್ಲ. ನನಗಂತೂ ಆಗುತ್ತಲೇ ಬಂದಿವೆ.

ಈಗಿನ ಹುಡುಗರು ಯುದ್ಧದ ಸಿನಿಮಾ ನೋಡಿ ಬಂದು, ವಿಮಾನ ಚಲೋ ಇತ್ತು, ಬಾಂಬು ಚಲೋ ಇತ್ತು ಎನ್ನುತ್ತಾರೆ. ಯುದ್ಧದ ಸಿನಿಮಾ ನೋಡುವಂಥದ್ದಾಗುವುದು ಯಾತರಿಂದ ಎಂದು ನನಗೆ ಕಲಿಸಿದವರು ಬೇರೆ. ಯಾದಗಿರಿ, ಸುರಪುರ, ಶಹಾಪುರದ ಡೇರೆಗಳಲ್ಲಿ ನೆಲದ ಮೇಲೆ ಕುಳಿತವರು.

ಬಾಯಿ ಬೇಕಾಯಿತು

ನಿಜಾಮನ ಆಳಿಕೆ ಮುಗಿದಿತ್ತು. ನಾವು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ಊರೂರಿಗೆ ಹೋಗುವ ಒಂದು ಸಿನಿಮಾ ಡೇರೆಯಲ್ಲಿ ನಾನು ಕರೆಂಟಿನ ಇಂಜಿನ್ ನೋಡಿಕೊಳ್ಳುತ್ತಿದ್ದೆ. ವಿಲಾಯತಿ ಸಿನಿಮಾ ಬಂದರೆ ಪರದೆಯ ಪಕ್ಕ ಒಬ್ಬ ನಿಂತು, ಬಾಯಿಗೆ ತಗಡಿನ ಭೋಂಗಾ ಹಿಡಿದು ಉರ್ದುವಿನಲ್ಲಿ ಕಥೆ ಹೇಳುತ್ತಿದ್ದ. ದೊಡ್ಡ ಮಾತುಗಾರ. ಅವನು ಹೈದರಾಬಾದಿಗೆ ನಾಟಕ ಆಡಲು ಹೋದ. ಜನರೂ ಈಗ ಕನ್ನಡದಾಗ ಹೇಳ್ರಿ ಎನ್ನತೊಡಗಿದ್ದರು. ಆಗಲೇ ಹೊಸ ಯುದ್ಧದ ಸಿನಿಮಾ ಬಂದಿಳಿಯಿತು.

ಮಾಲೀಕರು ನನ್ನನ್ನು ನೋಡಿದರು.

"ನಿನಗ ಕನ್ನಡ ಬರ್ತದಲ್ಲೇನು?"

"ಹೂಂ."

"ಇಂಗ್ಲಿಷ್?"

"ಇಲ್ಲ."

"ನೋಡಾಕ ಬಂದವರಿಗೂ ಬರಂಗಿಲ್ಲ. ಭೋಂಗಾ ಹಿಡಿ."

ನಾನು ಒಲ್ಲೆ ಎನ್ನುವವನಿದ್ದೆ. ಅವ್ವ ಬಿಡಲಿಲ್ಲ. ಅದಕ್ಕೆ ಕಾರಣವಿತ್ತು. ಅದರ ಹಿಂದಿನ ವಾರ ಸೋದರಮಾವ ನನ್ನನ್ನು ವನದುರ್ಗಕ್ಕೆ ಹೆಣ್ಣು ನೋಡಲು ಕರೆದೊಯ್ದಿದ್ದ. ಕುರಿ ಸಾಕುವ ಮನೆ. ಹುಡುಗಿ ಮಜ್ಜಿಗೆ ಕೊಟ್ಟು ನನ್ನ ಮುಖ ನೆಟ್ಟಗೆ ನೋಡಿದಳು. ನನಗೆ ಅಲ್ಲಿಗೇ ಒಪ್ಪಿಗೆಯಾಯಿತು. ಅವಳ ಅಪ್ಪ ಮಾತಿಗೆಳೆದ.

"ಏನು ಕೆಲಸ ಮಾಡ್ತಿ?"

"ಇಂಜಿನ್."

"ಹೊಲ ಅದ ಏನು?"

"ಅದ."

"ಮಳಿ ಹ್ಯಾಂಗಾತು ನಿಮ್ಮ ಕಡಿ?"

"ಆತು."

ಅವನು ಸೋದರಮಾವನನ್ನು ಹೊರಗೆ ಕರೆದು, "ಹುಡುಗ ಗಟ್ಟಿ ಅದಾನ. ಆದ್ರ ಮೂಕ ಇದ್ದಂಗ ಅದಾನ. ನನ್ನ ಮಗಳು ಜೀವನಪೂರ್ತಿ ಗ್ವಾಡಿ ಕೂಡ ಮಾತಾಡಬೇಕೇನು?" ಎಂದನಂತೆ.

ಅವ್ವ ನನಗೆ ಹೇಳಿದಳು: "ಡೇರಾದಾಗ ನಿಂತು ಕೂಗಿ ಮಾತಾಡೋ ನನ್ನಪ್ಪ. ವನದುರ್ಗದ ತನಕ ಸುದ್ದಿ ಮುಟ್ಟಲಿ."

ಹುಡುಗಿ ನನಗೆ ಬೇಕಿತ್ತು. ಭೋಂಗಾ ಹಿಡಿದೆ.

ಯಾದಗಿರಿಯಲ್ಲಿ ಮೊದಲ ಆಟ. ಪರದೆಯ ಮೇಲೆ ಇಬ್ಬರು ಸಾಹೇಬರು ನಕ್ಷೆ ಹರಡಿಕೊಂಡು ಮಾತಿಗೆ ಕುಳಿತರು. ಮಾತಾಡಿದರು, ಮಾತಾಡಿದರು, ಸಿಗರೇಟು ಹಚ್ಚಿ ಮತ್ತೆ ಮಾತಾಡಿದರು. ಕೊನೆಗೆ ಎದ್ದರು. ನಾನು ಭೋಂಗಾ ಎತ್ತಿ ಹೇಳಿದೆ: "ನಾಳಿ ಹೋಗೂನು ಅಂತಾರ."

ಮುಂದೆ ಕುಳಿತವನೊಬ್ಬ ಸಿಟ್ಟಾದ. "ಅಷ್ಟೊತ್ತು ಮಾತಾಡಿದ್ದು ಇಷ್ಟೇ ಏನು?"

"ಇಷ್ಟೇ."

ಅವನ ಪಕ್ಕದ ಮುದುಕ ಸಮಾಧಾನ ಹೇಳಿದ: "ಖರೇನೇ ಇರಬೇಕು ತಮ್ಮಾ. ನಮ್ಮ ಪಂಚಾಯ್ತಿನೂ ಹಂಗೇ ಅಲ್ಲೇನು?"

ನಮ್ಮವರು ಯಾರು

ಪುರಾಣದ ಸಿನಿಮಾದಲ್ಲಿ ತೊಂದರೆಯಿಲ್ಲ. ಕೋರೆಹಲ್ಲು ಇದ್ದವನು ರಾಕ್ಷಸ. ಈ ಯುದ್ಧದಲ್ಲಿ ಎರಡೂ ಕಡೆಯವರು ಬಿಳಿಯರು. ಎರಡೂ ಕಡೆ ಟೊಪ್ಪಿಗೆ. ಕೆಸರಿನಲ್ಲಿ ಬಿದ್ದೆದ್ದ ಮೇಲಂತೂ ಅಂಗಿಯೂ ಒಂದೇ.

ಗುಂಡು ಹಾರಿತು. ಒಬ್ಬ ಬಿದ್ದ.

"ಚಪ್ಪಾಳಿ ಹೊಡಿಬೇಕೋ, ಅಳಬೇಕೋ? ಜಲ್ದಿ ಹೇಳ್ರಿ!" ಎಂದು ಹಿಂದಿನಿಂದ ಕೂಗು ಬಂತು.

ನನಗೂ ಗೊತ್ತಿರಲಿಲ್ಲ. "ಮೊದಲ ತೋರಿಸಿದವರು ನಮ್ಮವರು," ಎಂದೆ.

ಜನ ಒಪ್ಪಿಕೊಂಡರು. ಒಬ್ಬ ಮಾತ್ರ ಬಿಡಲಿಲ್ಲ. "ಅಂದ್ರ ಅವರು ಯಾವ ರಾಜ್ಯದವರು? ಅದು ಹೇಳ್ರಿ."

ಚಹಾದಂಗಡಿಯವನು ತಿರುಗಿ ಗದರಿದ: "ನಾವ ಯಾವ ರಾಜ್ಯಕ್ಕ ಸೇರ್ತೀವಿ ಅಂತ ನಮಗ ಇನ್ನ ಗೊತ್ತಿಲ್ಲ. ಅವರದು ತಗೊಂಡು ಏನ್ಮಾಡ್ತಿ? ಕುಂದ್ರು!"

ಊಟ ಯಾವಾಗ

ಡೇರೆ ಸುರಪುರಕ್ಕೆ ಹೋಯಿತು. ಯುದ್ಧ ಅಂದರೆ ಹಿಂದೆ ಇಂಗ್ಲಿಷರ ಕೂಡ ಕಾದಾಡಿದ ಆ ಊರಿಗೆ ಹೇಳಿಕೊಡಬೇಕಾಗಿಲ್ಲ. ನೆಟ್ಟಗೆ ನೋಡಿದರು. ಟ್ಯಾಂಕು ಬಂತು, ಅಲುಗಲಿಲ್ಲ. ವಿಮಾನ ಬಂತು, ಶೇಂಗಾ ಸುಲಿದರು. ಮಾಲೀಕರ ಮುಖ ಸಪ್ಪಗಾಯಿತು.

ಕಂಬಳಿ ಹೊದ್ದವನೊಬ್ಬ ಕೇಳಿದ: "ಮುಂಜಾನಿಂದ ನಡ್ಯಾಕತ್ತಾರ. ಏನರ ತಿಂದಾರೇನು?"

"ಇನ್ನ ಇಲ್ಲ."

"ಉಪಾಸ ಹ್ಯಾಂಗ ಬಡದಾಡ್ತಾರ?"

ಡೇರೆಯೆಲ್ಲ ಆ ಚಿಂತೆಗೆ ಬಿತ್ತು. ಮುಂದಿನ ರೀಲಿನಲ್ಲಿ ಸಿಪಾಯಿಗಳು ಒಂದು ಗಿಡದ ಕೆಳಗೆ ಕುಳಿತು ಡಬ್ಬಿ ಒಡೆದರು. ಒಂದೇ ಚಮಚ. ಒಬ್ಬ ತಿಂದು ಇನ್ನೊಬ್ಬನಿಗೆ ಕೊಟ್ಟ. ಡೇರೆಯಲ್ಲಿ ಸಿಳ್ಳೆಯೇ ಸಿಳ್ಳೆ.

"ಡಬ್ಬ್ಯಾಗ ಏನದ?"

"ಪುಂಡಿ ಪಲ್ಯ," ಎಂದೆ.

ಹೆಂಗಸರ ಕಡೆಯಿಂದ ಒಬ್ಬಳು ಮರುಗಿದಳು: "ಅಯ್ಯ ಪಾಪ, ಬರೇ ಪಲ್ಯ! ಒಂದ ರೊಟ್ಟಿ ಕಟ್ಟಿ ಕೊಡಾಕ ಯಾರೂ ಇರಲಿಲ್ಲೇನು?"

ಅಲ್ಲಿಂದ ಮುಂದೆ ಆ ಸಿಪಾಯಿಗಳಲ್ಲಿ ಯಾರಿಗೆ ಗುಂಡು ತಗುಲಿದರೂ ಡೇರೆಗೇ ತಗುಲಿದಂತಾಯಿತು. ಮರುದಿನ ಪುಂಡಿ ಪಲ್ಯದ ಸಿನಿಮಾ ನೋಡಲು ಸುತ್ತಲ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದರು.

ಮಾಲೀಕರು ಒಳಗೊಳಗೆ ಖುಷಿಯಾಗಿ, ಹೊರಗೆ ನನ್ನನ್ನು ಬೈದರು. "ಪುಂಡಿ ಪಲ್ಯ ಅಂತ ಹ್ಯಾಂಗ ಹೇಳಿದಿ?"

"ಹಸರು ಕಾಣಿಸ್ತು."

"ಹುಚ್ಚಾ, ಸಿನಿಮಾ ಕಪ್ಪು-ಬಿಳಿ ಅದ!"

"ಮಂದಿಗೂ ಹಸರೇ ಕಾಣಿಸ್ಯದ್ರಿ," ಎಂದೆ.

ಅಜ್ಜಿ ಎದ್ದಳು

ಆ ಸಿಪಾಯಿಗಳಲ್ಲಿ ಎಳೆಯನೊಬ್ಬನಿದ್ದ. ಬಾಯಲ್ಲಿ ಬಾಜಾ ಊದುವವನು. ಕೊನೆಯ ರೀಲಿನಲ್ಲಿ ಸೇತುವೆಯ ಮೇಲೆ ಸಾಯುತ್ತಾನೆ. ಮೊದಲ ದಿನ ಅದನ್ನು ನೋಡಿ ಒಬ್ಬಳು ಅಜ್ಜಿ ಸೆರಗು ತೊಯ್ಯುವಷ್ಟು ಅತ್ತಳು. ಮರುದಿನ ಮತ್ತೆ ಟಿಕೆಟ್ ತೆಗೆದು ಬಂದಳು.

ಊಟ ನೋಡಿದಳು. ಬಾಜಾ ಕೇಳಿದಳು. ಪರದೆಯ ಮೇಲೆ ಸೇತುವೆ ಕಂಡಿತೋ ಇಲ್ಲವೋ, ಎದ್ದು ನಿಂತಳು.

"ಏಳ್ರೇ ಎಲ್ಲಾರೂ! ಹುಡುಗ ಇನ್ನ ಜೀವಂತ ಅದಾನ. ಈಗ ಹೋಗೂನು."

ಹೆಂಗಸರ ಕಡೆ ಅರ್ಧ ಎದ್ದಿತು. ಮಾಲೀಕರು ಬಾಗಿಲಿಗೆ ಓಡಿ ಕೈ ಮುಗಿದರು. "ಅವ್ವಾ, ಇನ್ನ ಒಂದು ರೀಲ್ ಅದ. ಖರೇ ಲಡಾಯಿ ಅದರಾಗೇ ಅದ."

ಅಜ್ಜಿ ಅವರ ಭುಜ ತಟ್ಟಿದಳು. "ಅದು ನೀನೇ ನೋಡಪ್ಪ. ನಿನಗ ರೊಕ್ಕ ಮುಟ್ಯದ, ನಮಗ ಹುಡುಗ ಉಳದಾನ. ಇಬ್ಬರಿಗೂ ಚಲೋ ಆತಲ್ಲ?"

ಹುಲ್ಲಿನೊಳಗೆ

ಕೊನೆಗೆ ಡೇರೆ ಶಹಾಪುರಕ್ಕೆ ಬಂತು. ವನದುರ್ಗ ಅಲ್ಲಿಂದ ದೂರವಿಲ್ಲ. ಒಂದು ಸಂಜೆ ಸೋದರಮಾವ ಓಡಿಬಂದ. "ನಿಮ್ಮ ಮಾವ ಆಗೋನು ಬಂದಾನ. ಮಗಳನ್ನೂ ಕರಕೊಂಡು ಬಂದಾನ. ನೀ ಖರೇನೇ ಮಾತಾಡ್ತಿ ಏನಂತ ನೋಡಾಕ. ಇವತ್ತ ಸುಮ್ಮನಾದಿ ಅಂದ್ರ ಸಂಬಂಧ ಮುರೀತು ತಿಳಿ."

ನೋಡಿದೆ. ಮುಂದಿನ ಸಾಲಿನಲ್ಲಿ ಕಂಬಳಿ, ಕೋಲು, ದೊಡ್ಡ ಮೀಸೆ.

ಅಂದು ಮಾತಾಡಿದೆ. ಹುಟ್ಟಿದಾಗಿನಿಂದ ಉಳಿಸಿಟ್ಟದ್ದನ್ನೆಲ್ಲ ಮಾತಾಡಿದೆ. ಪ್ರತಿ ಸಿಪಾಯಿಗೂ ಒಂದು ಊರು ಕೊಟ್ಟೆ, ಅಕ್ಕ-ತಂಗಿಯರನ್ನು ಕೊಟ್ಟೆ, ಒಬ್ಬನಿಗೆ ಎರಡು ಎತ್ತು ಕೊಟ್ಟೆ. ಇಂಜಿನ್ ಹತ್ತಿರ ನಿಂತಿದ್ದ ಮಾಲೀಕರು ಬಾಯಿ ತೆರೆದುಕೊಂಡು ನೋಡಿದರು.

ಆಗ ಹುಲ್ಲಿನ ಜಾಗ ಬಂತು. ನಮ್ಮವರು ಎದೆಮಟ್ಟದ ಹುಲ್ಲಿನಲ್ಲಿ ಬೋರಲು ಮಲಗಿದ್ದಾರೆ. ವೈರಿಯ ಪಡೆ ಪಕ್ಕದಲ್ಲೇ ಹಾದುಹೋಗುತ್ತಿದೆ. ಗುಂಡಿಲ್ಲ, ಮಾತಿಲ್ಲ, ಬಾಜಾ ಇಲ್ಲ. ಇಡೀ ಸಿನಿಮಾದಲ್ಲಿ ಅದಕ್ಕಿಂತ ಚಲೋ ಜಾಗವಿಲ್ಲ. ಎಲ್ಲ ಊರಲ್ಲೂ ಅಲ್ಲಿ ನಾನು ಸುಮ್ಮನಿರುತ್ತಿದ್ದೆ. ಜನ ಉಸಿರು ಬಿಗಿಹಿಡಿಯುತ್ತಿದ್ದರು. ಅಂದು ಸುಮ್ಮನಿರಲು ಧೈರ್ಯ ಸಾಲಲಿಲ್ಲ. ಭೋಂಗಾ ಎತ್ತಿದೆ.

"ನೋಡ್ರಿ, ನಮ್ಮವರು ಇಲ್ಲೇ ಹುಲ್ಲಾಗ ಅಡಗ್ಯಾರ, ವೈರಿ ಬಾಜೂಕೇ ಬರಾಕತ್ತಾನ..."

ಮುಂದಿನ ಸಾಲಿನಿಂದ ಕಂಬಳಿ ಹಾರಿತು. ಮೀಸೆಯವನು ಕೋಲೆತ್ತಿ ನನ್ನ ಮೇಲೆ ಬಂದ.

"ಬಾಯಿ ಮುಚ್ಚೋ ಮಗನ! ವೈರಿಗೆ ಕೇಳಸ್ತದ!"

ಮುಚ್ಚಿದೆ. ಡೇರೆಯಲ್ಲಿ ಒಂದು ಕೆಮ್ಮೂ ಇಲ್ಲ. ಪರದೆಯ ಮೇಲೆ ವೈರಿ ನಿಂತ. ಆ ಕಡೆ ನೋಡಿದ, ಈ ಕಡೆ ನೋಡಿದ. ಹೋದ. ಮೀಸೆಯವನು ಮುಖದ ಬೆವರು ಒರೆಸಿಕೊಂಡು ಕುಳಿತ. ಹೆಂಗಸರ ಕಡೆ ಒಬ್ಬಳು ತಡೆಯಲಾರದೆ ನಕ್ಕಳು. ಯಾರೆಂದು ನನಗೆ ನೋಡದೆಯೇ ಗೊತ್ತಾಯಿತು. ಸಂಬಂಧ ಹೋಯಿತು ಎಂದುಕೊಂಡೆ.

ಆಟ ಬಿಟ್ಟಮೇಲೆ ಅವನು ನೇರ ನನ್ನ ಬಳಿ ಬಂದ.

"ಹಿಂಗ ಮಾತಾಡ್ತಿ ಅಂತ ಗೊತ್ತಿದ್ರ ನಾ ಅವತ್ತ ಮಳಿ ಬಗ್ಗಿ ಕೇಳತಿರಲಿಲ್ಲ. ಅಷ್ಟೂ ಮಂದೀನ ಕೊಲ್ಲಸ್ತಿದ್ದಿ. ಆದ್ರ ಒಂದ ಮಾತಿಗಿ ಸುಮ್ಮನಾದಿ, ಎಲ್ಲಾರೂ ಉಳದ್ರು. ಬರೋ ಅಮಾಸಿ ಕಳದ ಮ್ಯಾಲ ಲಗ್ನ ಮಾಡೂನು. ಏನಂತಿ?"

ನಾನು ಬಾಯಿ ತೆರೆಯಲಿಲ್ಲ.

ಅವನು ಸೋದರಮಾವನ ಕಡೆ ತಿರುಗಿ ಮೀಸೆ ತಿರುವಿದ. "ನೋಡಿದೇನು? ಕಲತಾನ."