ಸೂಜಿ ಕಚ್ಚಿದ ಮಾತಿನ ಆಣೆ ಸಡಿಲಿಸುವ ಬಗ್ಗೆ

ಇಂದ,
ದರ್ಜಿ, ವಯಸ್ಸು ಎಪ್ಪತ್ತೆರಡು,
ಒಂದು ಕತ್ತರಿ, ಒಂದು ಹೊಲಿಗೆ ಯಂತ್ರದ ಅಂಗಡಿ.

ಗೆ,
ಭಗವಂತನ ಸನ್ನಿಧಾನಕ್ಕೆ,
ಆಣೆ-ಪ್ರಮಾಣಗಳ ವಿಭಾಗ.

ವಿಷಯ: ನಾನೂ ನನ್ನ ಹೆಂಡತಿಯೂ ಕಟ್ಟಿಕೊಂಡ ಭಾಷೆಯಲ್ಲಿ ಮೂರನೆಯವರೊಡನೆ ಮಾತನಾಡಲು ಅನುಮತಿ ಕೋರಿ.

ಉಲ್ಲೇಖ: ಈ ಭಾಷೆಯನ್ನು ಬೇರೆ ಯಾರೊಡನೆಯೂ ಆಡುವುದಿಲ್ಲವೆಂದು ಮೂವತ್ತೊಂದು ವರ್ಷಗಳ ಹಿಂದೆ ತಮ್ಮ ದೀಪದ ಮುಂದೆ ನಾವಿಬ್ಬರೂ ಮಾಡಿದ ಆಣೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ನಾನು ಬಟ್ಟೆ ಕತ್ತರಿಸುವವನು, ಆಕೆ ಹೊಲಿಯುವವಳು. ಗಿರಾಕಿಗಳ ಎದುರಿಗೇ ಗಿರಾಕಿಗಳ ವಿಷಯ ಮಾತನಾಡಬೇಕಾದ ಅನಿವಾರ್ಯತೆ ನಮ್ಮ ವೃತ್ತಿಯಲ್ಲಿ ಇರುವ ಕಾರಣ ಈ ಭಾಷೆ ಹುಟ್ಟಿತು.

೨. ಆಕೆ ಸದಾ ಹಲ್ಲಿನ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡಿರುತ್ತಿದ್ದಳು. ತುಟಿ ಕೂಡಿಸಿದರೆ ಚುಚ್ಚುತ್ತಿತ್ತು. ಆದಕಾರಣ ಪ, ಬ, ಮ ಮುಂತಾದ ಅಕ್ಷರಗಳನ್ನು ಭಾಷೆಯಿಂದ ಕೈಬಿಡಲಾಯಿತು. ಭಗವಂತ ಎನ್ನಲು ಬಾರದ್ದರಿಂದ ತಮ್ಮನ್ನು ‘ಓಳಾಣಿ’, ಅಂದರೆ ಅಳತೆ ತಪ್ಪದವನು, ಎಂದು ಕರೆದೆವು. ಅಪಚಾರವಾಗಿದ್ದರೆ ಕ್ಷಮಿಸಬೇಕು. ಕಳೆದ ವರ್ಷ ತಾವು ಆಕೆಯನ್ನು ಕರೆದುಕೊಂಡಾಗ ಆ ಹೆಸರನ್ನು ಬದಲಿಸಬೇಕೆನ್ನಿಸಿತ್ತು, ಬದಲಿಸಿಲ್ಲ.

೩. ಒತ್ತು: ಯಾವ ಅಕ್ಷರವನ್ನು ಒತ್ತಿ ಹೇಳಬೇಕೋ ಅಲ್ಲಿ ಆಕೆ ಯಂತ್ರದ ಪೆಡಲ್ ತುಳಿಯುತ್ತಿದ್ದಳು. ನಾನು ಮಾತನಾಡುವಾಗಲೂ ಆಕೆಯೇ ತುಳಿಯುತ್ತಿದ್ದಳು, ಏಕೆಂದರೆ ನನ್ನ ಕಡೆ ಪೆಡಲ್ ಇರಲಿಲ್ಲ. ಆದ್ದರಿಂದ ಆಕೆ ಹೋದಂದಿನಿಂದ ನಾನು ಆ ಭಾಷೆಯಲ್ಲಿ ಒಬ್ಬನೇ ಆಡಿಕೊಂಡ ಒಂದು ಮಾತೂ ಪೂರ್ತಿಯಾಗಿಲ್ಲ.

೪. ಬರವಣಿಗೆ: ಬಟ್ಟೆಯ ಒಳಮಗ್ಗುಲಿಗೆ, ಸೀಮೆಸುಣ್ಣದಲ್ಲಿ, ನೇರ ಗೆರೆಗಳು ಮಾತ್ರ. ಏಕೆಂದರೆ ಹಿಂದೊಮ್ಮೆ ಆಕೆ ಗುಂಡಗೆ ಬರೆದ ಅಕ್ಷರವನ್ನು ತೋಳು ಕೂಡಿಸುವ ಕಂಕುಳಿನ ಗುರುತೆಂದು ತಿಳಿದು ನಾನು ಕತ್ತರಿಸಿಬಿಟ್ಟೆ. ಆಕೆ ಬಾಯಿಂದ ಸೂಜಿ ತೆಗೆದು, “ಇರಲಿ, ಎತ್ತಿಡಿ. ಮೂರು ಕೈ ಇರೋರು ಯಾರಾದ್ರೂ ಬರ್ತಾರೆ” ಎಂದಳು.

೫. ಈಗ ವಿಷಯಕ್ಕೆ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ನಮ್ಮ ಹಳೆಯ ಗಿರಾಕಿ. ಉದ್ದ ಕಾಲಿನವರಾದ್ದರಿಂದ ನಮ್ಮ ಭಾಷೆಯಲ್ಲಿ ಅವರು ‘ಟಿಂಗಾಲ’, ಅಂದರೆ ಕೊಕ್ಕರೆ. ಮೊನ್ನೆ ಪ್ಯಾಂಟಿನ ಅಳತೆ ಕೊಡಲು ಬಂದವರು, ಬಟ್ಟೆ ಮುಚ್ಚಿಟ್ಟ ಯಂತ್ರವನ್ನು ಸ್ವಲ್ಪ ಹೊತ್ತು ನೋಡಿ, “ಟಿಂಗಾಲ ಯಾಡು” ಎಂದರು. ಕೊಕ್ಕರೆ ಬಂತು, ಎಂದರ್ಥ. ಒತ್ತು ಬೇಕಾದಲ್ಲಿ ಕಾಲಿನಿಂದ ನೆಲ ಕುಟ್ಟಿದರು. ಉಚ್ಚಾರದಲ್ಲಿ ದೋಷವಿರಲಿಲ್ಲ.

“ನಿಮಗೆ ಹೇಗೆ ಗೊತ್ತಾಯ್ತು?” ಎಂದೆ.

“ಇಪ್ಪತ್ತು ವರ್ಷದಿಂದ ಅಳತೆಗೆ ಅಂತ ಕೈ ಎತ್ತಿಸಿ ನಿಲ್ಲಿಸ್ತಾ ಇದೀರಲ್ಲ ಯಜಮಾನ್ರೇ, ಕಿವಿ ಮುಚ್ಕೊಳ್ಳೋಕೆ ಕೈ ಎಲ್ಲಿ ಬಿಟ್ರಿ?”

“ಅಂದ್ರೆ ಎಲ್ಲಾ ಅರ್ಥ ಆಗ್ತಿತ್ತಾ?”

“ನನ್ನ ಹೊಟ್ಟೆ ಬಗ್ಗೆ ಅಕ್ಕ ಅಂದಿದ್ದೂ ಸೇರಿ” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಒಂದು ಮಾತು ಆಡಿ ನೋಡೋಣ. ನಾನು ಕುಟ್ತೀನಿ” ಎಂದರು.

ಆಣೆಯ ಕಾರಣ ನಾನು ಆಡಲಿಲ್ಲ. ಅವರು ಎರಡು ಸಲ ನೆಲ ಕುಟ್ಟಿ, ಕಾದು, ಹೋದರು.

೬. ಗುರುವಾರ ಪ್ಯಾಂಟಿಗಾಗಿ ಮತ್ತೆ ಬರುತ್ತಾರೆ. ಹೆಂಡತಿಯ ಒಪ್ಪಿಗೆ ಪತ್ರವನ್ನು ಲಗತ್ತಿಸಲಾಗಿಲ್ಲ. ಆಕೆ ತಮ್ಮ ಬಳಿಯೇ ಇರುವ ಕಾರಣ ಅಲ್ಲಿಯೇ ಹೇಳಿಕೆ ಪಡೆಯಬಹುದು.

ಆದ್ದರಿಂದ ಸದರಿ ಆಣೆಯನ್ನು ಒಬ್ಬ ಗಿರಾಕಿಯ ಮಟ್ಟಿಗೆ, ವಾರಕ್ಕೆ ಅರ್ಧ ಗಂಟೆ, ಸಡಿಲಿಸಬೇಕೆಂದು ಬೇಡುತ್ತೇನೆ. ಆ ಭಾಷೆಯಲ್ಲಿ ಆಕೆಗೊಂದು ಹೆಸರಿದೆ. ಅದನ್ನು ಒತ್ತು ಸಮೇತ ಒಮ್ಮೆ ಹೇಳಬೇಕಾಗಿದೆ.

ಈಗಲೂ ತಮ್ಮಲ್ಲಿ ವಿಶ್ವಾಸವಿಟ್ಟಿರುವ,
ದರ್ಜಿ

ಲಗತ್ತುಗಳು:
೧. ಆಕೆ ಬರೆದು ಉಳಿಸಿದ ಸೀಮೆಸುಣ್ಣದ ತುಂಡು.
೨. ಗುಂಡುಸೂಜಿ, ಆರು. ಒರೆಸಲಾಗಿದೆ.
೩. ಪ್ಯಾಂಟು ಗಿರಾಕಿಯ ಸೊತ್ತಾದ್ದರಿಂದ ಲಗತ್ತಿಸಿಲ್ಲ.

ವಿ.ಸೂ.: ಆಕೆ ಒಪ್ಪದಿದ್ದರೆ ನನ್ನ ತಕರಾರಿಲ್ಲ. ಆದರೆ ಬೇಡವೆಂಬುದನ್ನು ನಮ್ಮ ಭಾಷೆಯಲ್ಲಿಯೇ, ಆಕೆಯ ಬಾಯಿಂದಲೇ ಹೇಳಿಸಬೇಕಾಗಿ ವಿನಂತಿ.