ರಗ್ಬಿಯ ರೆಫರಿ, ದೇವಣಿಯ ಹೋರಿ

ರೇವಣಪ್ಪ: ಕೈಯಾಗಿಂದ ಚೆಂಡ ಜಾರೇ ಇಲ್ಲ ಅಂತಿನಿ ನಾ. ಆ ರೆಫರಿಗಿ ಕಣ್ಣಿಲ್ಲ.

ನಮ್ಮವರು: ಕಣ್ಣ ಅದಾವ. ನಿನಗ ತಾಳ್ಮಿ ಇಲ್ಲ.

ರೇವಣಪ್ಪ: ಕರಿ ಅಂಗಿಯಾಂವ ಗೆರಿ ದಾಟ್ಯಾನ, ಚೆಂಡ ನೆಲಕ್ಕ ಹಚ್ಯಾನ, ಮಂದಿ ಎದ್ದ ಕುಣದಾರ. ಆಮ್ಯಾಲ ರೆಫರಿ ಹೋಗಿ ದೊಡ್ಡ ಪಡದೆ ನೋಡಿ ಬಂದ, ಇಲ್ಲ, ಮೊದಲ ಒಮ್ಮಿ ಕೈ ಜಾರಿ ಚೆಂಡ ಮುಂದ ಬಿದ್ದಿತ್ತು, ಈ ಅಂಕ ರದ್ದು ಅಂದ. ಉಂಡ ಎದ್ದ ಮ್ಯಾಲ ತುತ್ತ ಎಣಿಸಿದಂಗಾತು.

ನಮ್ಮವರು: ಜಾರಿದ್ದು ಜಾರಿದ್ದೇ. ಯಾವಾಗ ಜಾರಿದ್ರೇನು.

ಇದು ಉಮರ್ಗಾ ತಾಲೂಕಿನ ದಾಳಿಂಬ ಎಂಬ ಊರಿನಲ್ಲಿ ನಮ್ಮ ಮನೆಯ ಕಟ್ಟೆ. ನಮ್ಮವರು ಅಂದರೆ ವೈಜನಾಥ. ಎದುರಿಗೆ ಕೂತವರು ಅವರ ಚಿಕ್ಕಂದಿನ ಗೆಳೆಯ ರೇವಣಪ್ಪ. ನಡುವೆ ಒಂದು ಫೋನು, ತಂಬಿಗೆಗೆ ಆನಿಸಿಟ್ಟದ್ದು. ನಮ್ಮ ಮೊಮ್ಮಗಳು ಯೋಗಿತಾ ಉದಗೀರದ ಕಾಲೇಜಿನಲ್ಲಿ ರಗ್ಬಿ ಆಡುತ್ತಾಳೆ. ದೀಪಾವಳಿಗೆ ಬಂದವಳು ಈ ಇಬ್ಬರು ಮುದುಕರಿಗೆ ಚಟ ಹಚ್ಚಿ ಹೋದಳು. ಎಲ್ಲೋ ದೂರದ ದೇಶಗಳ ಆಟ. ಒಂದು ಕಡೆ ಕರಿ ಅಂಗಿ, ಒಂದು ಕಡೆ ಹಸಿರು ಅಂಗಿ. ಕೈ ಜಾರಿ ಚೆಂಡು ಮುಂದೆ ಬಿದ್ದರೆ ತಪ್ಪು, ಹಿಂದೆ ಬಿದ್ದರೆ ತಪ್ಪಲ್ಲ. ಆಟ ಮುಗಿದ ಮರುದಿನ ಮುಂಜಾನೆ ಇವರು ಅದನ್ನು ಫೋನಿನಲ್ಲಿ ನೋಡುತ್ತಾರೆ, ಮಧ್ಯಾಹ್ನದವರೆಗೆ ಜಗಳಾಡುತ್ತಾರೆ.

ಅವತ್ತೂ ಹಾಗೇ. ಅದು ನಮ್ಮವರು ಇದ್ದ ಕೊನೆಯ ದಿನ. ಯಾರಿಗೂ ಗೊತ್ತಿರಲಿಲ್ಲ. ನಾನು ಜೋಳ ಹಸನ ಮಾಡುತ್ತಿದ್ದೆ.

ರೇವಣಪ್ಪ: ಬಾ, ಮಾಡಿ ತೋರಸ್ತಿನಿ. ವೈನಿ, ಆ ಪಪ್ಪಾಯಿ ಕೊಡ್ರಿ ಜರಾ.

ನಾನು: ಅದು ತಿನ್ನಲಿಕ್ಕ ಇಟ್ಟದ್ದರಿ, ಭಾವಜಿ.

ರೇವಣಪ್ಪ: ರಗ್ಬಿ ಚೆಂಡ ಬರೋಬ್ಬರಿ ಹಿಂಗೇ ಇರ್ತದ, ಉದ್ದಕ. ಎರಡ ನಿಮಿಷದಾಗ ವಾಪಸ್ ಕೊಡ್ತಿನಿ.

ಅರವತ್ತೆಂಟು ವರ್ಷದ ಮನುಷ್ಯ ಧೋತರ ಎತ್ತಿ ಕಟ್ಟಿ, ಪಪ್ಪಾಯಿಯನ್ನು ಬಗಲಲ್ಲಿ ಹಿಡಿದು ಅಂಗಳದ ತುಂಬ ಓಡಿದರು. ನಮ್ಮವರು ಎದುರು ಹೋಗಿ ಸೊಂಟಕ್ಕೆ ಜೋತುಬಿದ್ದರು. ಪಪ್ಪಾಯಿ ನೆಲಕ್ಕೆ ಬಿದ್ದು ಒಡೆಯಿತು.

ನಮ್ಮವರು: ನೋಡು, ಮುಂದ ಬಿತ್ತು.

ರೇವಣಪ್ಪ: ಹಿಂದ ಬಿತ್ತು.

ನಮ್ಮವರು: ನಿನ್ನ ಮಾರಿ ಮುಂದೇ ಅದಲ್ಲೋ.

ರೇವಣಪ್ಪ: ಅದು ಬಿದ್ದ ಮ್ಯಾಲ ನಾ ತಿರುಗಿ ನಿಂತಿನಿ.

ನಮ್ಮವರು: ಬೀಜ ಎತ್ತ ಹಾರ್ಯಾವ ನೋಡು. ಬೀಜಾನೂ ತಿರುಗಿ ನಿಂತಾವೇನು?

ರೇವಣಪ್ಪ: ಗಾಳಿ ಆ ಕಡಿ ಅದ.

ನಮ್ಮವರು: ಏ ಕಸ್ತೂರಿ, ನೀ ಹೇಳು. ಮುಂದೋ ಹಿಂದೋ?

ನಾನು: ಕೆಳಗ ಬಿತ್ತು. ಬಳಿಯೋರ ಯಾರು, ಅದನ್ನ ಹೇಳ್ರಿ.

ಇಬ್ಬರೂ ಬಳಿಯಲಿಲ್ಲ. ಮತ್ತೆ ಫೋನಿಗೆ ಹೋದರು. ಆಟದ ಕೆಳಗೆ ಜಗತ್ತಿನ ಮಂದಿಯೆಲ್ಲ ಏನೇನೋ ಬರೆದಿರುತ್ತಾರೆ. ಸೋತವರು ಬರೆಯುವುದೆಲ್ಲ ರೆಫರಿಗೆ ಬೈಗುಳ ಎಂದು ಯೋಗಿತಾ ಹೇಳಿದ್ದಳು. ಅವನಿಗಷ್ಟೇ ಅಲ್ಲ, ಅವನ ಹೆಂಡತಿಗೂ ಬೈಯುತ್ತಾರಂತೆ. ನಾವು ಬಾಯಲ್ಲಿ ಹೇಳಿದರೆ ಫೋನು ತಾನೇ ಬರೆದುಕೊಳ್ಳುತ್ತದೆ. ರೇವಣಪ್ಪ ಅದಕ್ಕೆ ಬಾಯಿ ಹಚ್ಚಿದರು.

ರೇವಣಪ್ಪ: ಏ ರೆಫರಿ, ನಿನ್ನ ಬಾಯಾಗ ಸೀಟಿ ಇಟ್ಟಾಂವ ಯಾಂವ? ನೀ ಕುರಿ ಕಾಯಲಿಕ್ಕೂ ಲಾಯಕ ಇಲ್ಲ. ತೋಳ ಬಂದ್ರ ಅದನ್ನೂ ಕುರಿ ಅಂತ ಒಳಗ ಬಿಡ್ತಿ.

ನಮ್ಮವರು: ಕೊಡಿಲ್ಲಿ ಫೋನ್. ಅವನ ಹೆಂಡ್ತಿ ಓದ್ತಾಳ ಇದನ್ನ.

ರೇವಣಪ್ಪ: ಆಕಿಗಿ ಕನ್ನಡ ಬರ್ತದೇನು?

ನಮ್ಮವರು: ಬೈಗುಳಕ್ಕ ಭಾಷಾ ಬೇಕೇನು?

ರೇವಣಪ್ಪ: ನಿನಗ್ಯಾಕ ಅಷ್ಟ ಕರುಳ ಚುರ್ ಅಂತದ? ಅಂವಾ ನಿನ್ನ ಬೀಗನೇನು?

ನಮ್ಮವರು: ಪಂಚಾಗಿ ನಿಂತಾಂವಗೇ ಗೊತ್ತು.

ರೇವಣಪ್ಪ: ಹಾಂ. ಬಂತು ನೋಡ್ರಿ ವೈನಿ, ಖರೆ ಮಾತ ಈಗ ಬಂತು. ಪಂಚ ಪಂಚನ ಕೈ ಬಿಡಂಗಿಲ್ಲ. ದೇವಣಿಯಾಗ ನನ್ನ ಹೋರಿಗಿ ಎರಡನೇ ನಂಬರ ಕೊಟ್ಟಾಂವ ನೀನೇ ಅಲ್ಲೇನು?

ಎಲ್ಲ ರಗ್ಬಿಯೂ ಕೊನೆಗೆ ಈ ಹೋರಿಗೇ ಬಂದು ನಿಲ್ಲುತ್ತಿತ್ತು. ನಮ್ಮವರು ದೇವಣಿಯ ದನಗಳ ಪ್ರದರ್ಶನದಲ್ಲಿ ಇಪ್ಪತ್ತು ವರ್ಷ ಪಂಚರಾಗಿದ್ದರು, ಅಂದರೆ ತೀರ್ಪು ಹೇಳುವವರು. ಹಣೆ, ಕಿವಿ, ಹೆಗಲ ಮೇಲಿನ ಇಣಿ, ನಡಿಗೆ ನೋಡಿ ನಂಬರು ಕೊಡುವುದು ಅವರ ಕೆಲಸ. ಹತ್ತೊಂಬತ್ತು ವರ್ಷದ ಹಿಂದೆ ರೇವಣಪ್ಪನ ಹೋರಿಗೆ ಎರಡನೆಯದು ಕೊಟ್ಟರು. ಒಂದನೆಯದು ನಿಲಂಗಾದ ಒಬ್ಬನಿಗೆ ಹೋಯಿತು. ಆ ವರ್ಷ ಸೋತವರೆಲ್ಲ ನಮ್ಮ ಅಂಗಳಕ್ಕೆ ಬಂದು ಬೈದು ಹೋದರು. ನನಗೂ ಬೈದರು. ನಾನು ಆ ಹೋರಿಗಳ ಬಾಲವನ್ನೂ ನೋಡಿದವಳಲ್ಲ.

ರೇವಣಪ್ಪ: ಇವತ್ತ ಬಿಡಂಗಿಲ್ಲ ನಾ. ಒಂದೇ ಮಾತ ಹೇಳು. ತಪ್ಪಾಗಿತ್ತೋ ಇಲ್ಲೋ?

ನಮ್ಮವರು: ನಾಳಿ ಹೇಳ್ತಿನಿ.

ರೇವಣಪ್ಪ: ಹತ್ತೊಂಬತ್ತ ವರ್ಷ ಆತು, ಇನ್ನೂ ನಾಳೇನಾ?

ನಮ್ಮವರು: ರೆಫರಿ ಪಡದೆ ನೋಡಿ ಬರಲಿಕ್ಕ ಟೈಮ ತಗೋತಾನಲ್ಲ. ನಂದು ಹಳೀ ಪಡದೆ. ತಡಾ ಆಗ್ತದ.

ರೇವಣಪ್ಪ ಎದ್ದು ಹೋದರು. ಅಂಗಳದ ಬಾಗಿಲಲ್ಲಿ ತಿರುಗಿ ನಿಂತು, ಪಪ್ಪಾಯಿ ಹಿಂದೆಯೇ ಬಿತ್ತು ಎಂದು ಹೇಳಿ ಹೋದರು.

ಊಟಕ್ಕೆ ಕೂತಾಗ ನಮ್ಮವರು ತಾವಾಗಿಯೇ ಬಾಯಿ ಬಿಟ್ಟರು.

ನಮ್ಮವರು: ಅವನ ಹೋರಿನೇ ಛಲೋ ಇತ್ತು.

ನಾನು: ಮತ್ತ?

ನಮ್ಮವರು: ಗೆಳೆಯನ ಹೋರಿಗಿ ಗೆಳೆಯ ಒಂದನೇ ನಂಬರ ಕೊಟ್ಟ ಅಂದ್ರ ಮಂದಿ ಏನಂದಾರು? ಅದಕ್ಕ ನಿಲಂಗಾದವಂಗ ಕೊಟ್ಟೆ.

ನಾನು: ಮಂದಿ ಹ್ಯಾಂಗೂ ಬೈದ್ರಲ್ಲ.

ನಮ್ಮವರು: ಅದೇ ಲುಕ್ಸಾನ ನೋಡು. ಹತ್ತೊಂಬತ್ತ ವರ್ಷ ಅವನ ಮಾರಿ ನೋಡಿದಾಗೊಮ್ಮಿ ಅದು ಚುಚ್ಚತದ. ನಾಳಿ ಹೇಳಿಬಿಡ್ತಿನಿ ಅವಂಗ. ಇನ್ನೊಂದ ರೊಟ್ಟಿ ಹಾಕು.

ಮುಂಜಾನೆ ಏಳಲಿಲ್ಲ. ಮುಟ್ಟಿ ನೋಡಿದೆ. ತಣ್ಣಗಿದ್ದರು. ಡಾಕ್ಟರು ಬಂದು ಎದೆ ನಿಂತಿದೆ ಅಂದರು. ಅದು ನನಗೂ ಗೊತ್ತಾಗಿತ್ತು.

ಹೊಲದಲ್ಲಿ ಮಣ್ಣು ಮಾಡಿದರು. ರೇವಣಪ್ಪ ಮಣ್ಣು ಹಾಕಿ ಮನೆಗೆ ಹೋದರು. ಒಂದು ತಿಂಗಳು ನಮ್ಮ ಕಟ್ಟೆ ಹತ್ತಲಿಲ್ಲ.

ಆ ಮಾತು ನನ್ನ ಹತ್ತಿರ ಉಳಿಯಿತು. ಹೇಳಿದರೆ ಪಂಚ ತಪ್ಪಿದ ಎಂದಾಗುತ್ತದೆ. ಸತ್ತವರ ಮೇಲೆ ತಪ್ಪು ಹೊರಿಸಿದ ಹಾಗೆ. ಹೇಳದಿದ್ದರೆ ಅವರ ನಾಳೆ ಯಾವತ್ತೂ ಬರುವುದಿಲ್ಲ. ತಿಂಗಳೆಲ್ಲ ಯೋಚಿಸಿದೆ. ಆಮೇಲೆ ರೇವಣಪ್ಪನಿಗೆ ಹೇಳಿ ಕಳಿಸಿದೆ. ಬಂದರು. ಕಟ್ಟೆಯ ತುದಿಯಲ್ಲಿ ಕೂತರು, ಹೊಸ ಅಳಿಯನ ಹಾಗೆ.

ನಾನು: ನಿಮ್ಮ ಹೋರಿ ನಿಕಾಲಿ, ಆ ತೀರ್ಪ, ಹೇಳಿ ಹೋಗ್ಯಾರ ಅವರು.

ರೇವಣಪ್ಪ: ಬ್ಯಾಡ್ರಿ ವೈನಿ. ಅಸು ದ್ಯಾ, ಇರಲಿ ಬಿಡ್ರಿ. ಯಾಕ ಈಗ ಅದು.

ನಾನು: ಹತ್ತೊಂಬತ್ತ ವರ್ಷ ಕೇಳೀರಿ, ಈಗ ಕೇಳಿಸಿಕೋರಿ. ನಿಮ್ಮ ಹೋರಿನೇ ಛಲೋ ಇತ್ತಂತ. ನೀವು ಗೆಳೆಯ ಅಂತ ಕೊಡಲಿಲ್ಲಂತ. ತಪ್ಪ ಅವರದೇ.

ರೇವಣಪ್ಪ: ಸುಳ್ಳ ಹೇಳ್ಯಾನ.

ನಾನು: ಏನಂದ್ರಿ?

ರೇವಣಪ್ಪ: ಛಲೋ ಎಲ್ಲಿತ್ತರಿ ಅದು? ಹಿಂಗಾಲ ಒಳಗ ತಿರುಗಿದ್ವು. ನಡೆಯೋ ಮುಂದ ಗೊರಸಿಗಿ ಗೊರಸು ಬಡಿತಿತ್ತು. ಪ್ರದರ್ಶನದ ದಿನ ನಾನೇ ಅದರ ಕಾಲ ಕಾಣಬಾರದಂತ ಹುಲ್ಲಿನಾಗ ನಿಲ್ಲಿಸಿದ್ದೆ. ಎರಡನೇ ನಂಬರೂ ಜಾಸ್ತೀನೇ ಆತು.

ನಾನು: ಮತ್ತ ಅವರಿಗ್ಯಾಕ ಕಾಣಲಿಲ್ಲ?

ರೇವಣಪ್ಪ: ನನ್ನ ಹೋರಿ ಅಲ್ಲೇನ್ರಿ. ಅವಂಗ ಛಲೋನೇ ಕಾಣಬೇಕು.

ನಾನು: ಅಂದ್ರ ನಿಕಾಲಿ ಬರೋಬ್ಬರಿನೇ ಇತ್ತು?

ರೇವಣಪ್ಪ: ನಿಕಾಲಿ ಬರೋಬ್ಬರಿ. ಕೊಟ್ಟ ಕಾರಣ ತಪ್ಪು.

ನಾನು: ಹಂಗಾದ್ರ ಹತ್ತೊಂಬತ್ತ ವರ್ಷ ಏನಂತ ಜಗಳಾಡಿದ್ರಿ ನೀವು?

ರೇವಣಪ್ಪ: ಜಗಳ ಇಲ್ಲದೇ ದಿನಾ ಬಂದ ಕುಂತ್ರ, ಇಂವಗ ಮನ್ಯಾಗ ಕೆಲಸ ಇಲ್ಲೇನು ಅಂತ ನೀವೇ ಕೇಳ್ತಿದ್ರಿ.

ಕೇಳುತ್ತಿದ್ದೆ, ಖರೆ. ಆದರೂ ನನಗೆ ಸಿಟ್ಟು ಬಂತು. ತಿಂಗಳಲ್ಲಿ ಬಂದ ಮೊದಲ ಸಿಟ್ಟು. ಒಂದು ನಮೂನಿ ಛಲೋ ಅನಿಸಿತು.

ನಾನು: ಅವರು ಅದನ್ನ ಎದಿಮ್ಯಾಲ ಹೊತಗೊಂಡೇ ಹೋದ್ರು. ಗೆಳೆಯಗ ಅನ್ಯಾಯ ಮಾಡೀನಿ ಅಂತ. ನೀವು ಒಂದ ಮಾತ ಹೇಳಿದ್ರ ಇಳೀತಿತ್ತು.



ರೇವಣಪ್ಪ: ನಾನೂ ನಾಳಿ ಹೇಳಿದ್ರಾತು ಅಂತ ಇದ್ದೆ, ವೈನಿ.

ಒಳಗೆ ಹೋಗಿ ಚಹಾ ಇಟ್ಟೆ. ಅವರು ಕಣ್ಣು ಒರೆಸಿಕೊಂಡು ಬಾಗಿಲಲ್ಲಿ ನಿಂತರು.

ರೇವಣಪ್ಪ: ಸಕ್ರಿ ಜರಾ ಜಾಸ್ತಿ ಹಾಕ್ರಿ.

ನಾನು: ಚಹಾ ಈಗ ಸಿಗಂಗಿಲ್ಲ. ಹಳದಿ ಕಾರ್ಡ ನಿಮಗ. ಹತ್ತ ನಿಮಿಷ ಹೊರಗ ಕೂಡ್ರಿ.

ರೇವಣಪ್ಪ: ಏನು?

ನಾನು: ರಗ್ಬಿಯಾಗ ತಪ್ಪ ಮಾಡಿದವಂಗ ಹಂಗೇ ಅಲ್ಲೇನು? ಹತ್ತ ನಿಮಿಷ ಹೊರಗ, ಆಮ್ಯಾಲ ಒಳಗ.

ರೇವಣಪ್ಪ: ಹತ್ತೊಂಬತ್ತ ವರ್ಷದ ಹಿಂದಿನ ತಪ್ಪಿಗಿ ಈಗ ಕಾರ್ಡ ಕೊಡ್ತಾರೇನ್ರಿ? ಯಾವ ದೇಶದ ಕಾಯದಾ ಇದು?

ನಾನು: ಯಾವಾಗ ಜಾರಿದ್ರೇನು.

ರೇವಣಪ್ಪ: ಬಿಸಿಲ ಅದರಿ ಹೊರಗ.

ನಾನು: ಹೆಚ್ಚಿಗಿ ಮಾತಾಡಿದ್ರ ಕೆಂಪ ಕಾರ್ಡ. ಅದಕ್ಕ ಚಹಾನೇ ಇಲ್ಲ.

ರೆಫರಿಗೆ ಬೈಯುವವರೆಲ್ಲ ಹೀಗೇ. ಬಾಯಿ ಆಕಾಶಕ್ಕೆ, ಕಾಲು ಹೇಳಿದ ಕಡೆಗೆ. ಗೊಣಗುತ್ತ ಹೋಗಿ ಬಿಸಿಲಲ್ಲಿ ಕೂತರು. ನಾನು ಹತ್ತಕ್ಕೆ ಒಂದು ನಿಮಿಷ ಹೆಚ್ಚೇ ಕೂಡಿಸಿದೆ. ಪಂಚನ ಹೆಂಡತಿಯಾಗಿ ಇಷ್ಟು ವರ್ಷ ತಿಂದ ಬೈಗುಳಕ್ಕೆ ಅಷ್ಟಾದರೂ ಇರಲಿ.

ಈಗ ಅವರು ಮತ್ತೆ ಬರುತ್ತಾರೆ, ರೆಫರಿಗಳಿಗೆ ಬೈಯುತ್ತಾರೆ. ಆ ಕಡೆಯಿಂದ ಮಾತಾಡುವವರು ಒಬ್ಬರು ಬೇಕಲ್ಲ, ನಾನು ಕೂಡುತ್ತೇನೆ. ಆ ಕೊನೆಯ ದಿನದ ಆಟದ ಚೆಂಡನ್ನೂ ಫೋನಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಕೈ ಕಾಣುತ್ತದೆ, ಚೆಂಡು ಕಾಣುತ್ತದೆ. ಎರಡರ ನಡುವೆ ಏನಾಯಿತು ಎನ್ನುವುದು ಕಾಣುವುದಿಲ್ಲ. ಮುಂದೆ ಬಿತ್ತು ಎಂದೇ ವಾದ ಮಾಡುತ್ತೇನೆ.

ಮುಂಜಾನೆ ಎದ್ದು ಒಲೆ ಹಚ್ಚಿ ಹಂಡೆ ತುಂಬ ನೀರು ಕಾಯಿಸುತ್ತೇನೆ, ಇಬ್ಬರ ಸ್ನಾನಕ್ಕೆ ಆಗುವಷ್ಟು. ಕೈ ಅಷ್ಟೇ ತುಂಬುತ್ತದೆ, ಕಡಿಮೆ ಮಾಡಲು ಬರುವುದಿಲ್ಲ. ನನ್ನದು ಮುಗಿದ ಮೇಲೆ ಉಳಿದ ನೀರನ್ನು ಚೆಲ್ಲದೆ ಹೊತ್ತುಕೊಂಡು ಹೋಗಿ ಕೊಟ್ಟಿಗೆಯಲ್ಲಿನ ನಮ್ಮ ಆಕಳ ಮೈ ತೊಳೆಯುತ್ತೇನೆ. ಉಮರ್ಗಾ ತಾಲೂಕಿನಲ್ಲಿ ದಿನಾ ಬಿಸಿನೀರಿನ ಸ್ನಾನ ಮಾಡುವ ಆಕಳು ಅದೊಂದೇ ಇರಬೇಕು. ನೀರು ಸ್ವಲ್ಪ ಆರಿದ್ದರೆ ತಿರುಗಿ ನೋಡುತ್ತದೆ.