ಕೋದಂಡಪ್ಪ ಮೇಷ್ಟ್ರ ವ್ಯಸ್ತ ತ್ರೈರಾಶಿ

ರಾತ್ರಿ ಬೀಸಿದ ಗಾಳಿ ಕೋದಂಡಪ್ಪ ಮೇಷ್ಟ್ರ ಸ್ಕೂಲಿನ ಸೂರಿನ ಹುಲ್ಲನ್ನೆಲ್ಲ ಎತ್ತಿಕೊಂಡು ಹೋಗಿ ಪಕ್ಕದ ರಾಗಿ ಹೊಲದಲ್ಲಿ ಹರಡಿತ್ತು. ಬಿದಿರಿನ ಗಳಗಳು ಮಾತ್ರ ಬಡಕಲು ಎತ್ತಿನ ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು.

ಬೇರೆ ದಿನವಾಗಿದ್ದರೆ ಮೇಷ್ಟ್ರು ಮಕ್ಕಳಿಗೆ ರಜೆ ಕೊಟ್ಟು ಸುಮ್ಮನಿರುತ್ತಿದ್ದರು. ಆದರೆ ಅವತ್ತು ಮಧ್ಯಾಹ್ನ ಸ್ಕೂಲ್ ಇನ್ಸ್‌ಪೆಕ್ಟರು ಬರುವವರಿದ್ದರು. ಬಂಗಾರಪೇಟೆಗೆ ಇನ್ನೂ ಬೌರಿಂಗ್‌ಪೇಟೆ ಎನ್ನುತ್ತಿದ್ದ ಕಾಲ. ಅಲ್ಲಿ ರೈಲಿಳಿದು, ಜಟಕಾ ಹತ್ತಿ, ಬೂದಿಕೋಟೆ ದಾಟಿ ಈ ಹಳ್ಳಿಗೆ ಬರಬೇಕು. ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಒಂದು ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರ ಜಾಗ ಖಾಲಿಯಿತ್ತು. ಅದು ಕೋದಂಡಪ್ಪನವರಿಗೆ ಸಿಗುವುದೋ ಇಲ್ಲವೋ ಎಂಬುದು ಈ ಭೇಟಿಯ ಮೇಲೆ ನಿಂತಿತ್ತು. ಅವರ ಹೆಂಡತಿ ಅನಸೂಯಮ್ಮನ ಅಕ್ಕ ಅದೇ ಕೋರಮಂಡಲ್‌ನಲ್ಲಿದ್ದಳು. ಗುಂಡಿ ಒತ್ತಿದರೆ ದೀಪ ಹತ್ತುವ ಊರು. ಮದುವೆಯಾದಾಗಿನಿಂದ ಸೀಮೆಎಣ್ಣೆ ಬುಡ್ಡಿಯ ಮಸಿ ಒರೆಸಿ ಬೇಸತ್ತಿದ್ದ ಅನಸೂಯಮ್ಮ, ವರ್ಗವಾಗದಿದ್ದರೆ ತಾನೊಬ್ಬಳೇ ಹೋಗಿ ಅಕ್ಕನ ಮನೆಯಲ್ಲಿರುವುದಾಗಿ ಬೆಳಗ್ಗೆಯೇ ಹೇಳಿಬಿಟ್ಟಿದ್ದಳು.

ಊರ ಹಿರಿಯರಾದ ಚಿಕ್ಕಮುನಿಯಪ್ಪನವರು ಬಂದು ನೋಡಿ, ಇಬ್ಬರು ಆಳು ಹಿಡಿದರೆ ಎಂಟು ಗಂಟೆಯ ಕೆಲಸ, ಸಾಯಂಕಾಲಕ್ಕೆ ಮುಗಿದೀತು ಎಂದರು. ಮೇಷ್ಟ್ರು ಗಾಬರಿಯಾಗಲಿಲ್ಲ. ಹಿಂದಿನ ದಿನ ತಾನೆ ಮಕ್ಕಳಿಗೆ ವ್ಯಸ್ತ ತ್ರೈರಾಶಿ ಹೇಳಿಕೊಟ್ಟಿದ್ದರು. ಕರಿಹಲಗೆಯನ್ನು ಹುಣಸೆಮರಕ್ಕೆ ಒರಗಿಸಿ ಲೆಕ್ಕ ಬರೆದರು.

"ನೋಡಿ, ಆಳು ಹೆಚ್ಚಿದಷ್ಟೂ ಹೊತ್ತು ಕಮ್ಮಿ ಆಗುತ್ತೆ. ಎರಡನ್ನೂ ಗುಣಿಸಿದರೆ ಬರೋದು ಮಾತ್ರ ಬದಲಾಗಲ್ಲ. ಎರಡೆಂಟ್ಲಿ ಹದಿನಾರು. ಎಂಟು ಆಳು ಬಂದರೆ ಎರಡೇ ಗಂಟೆ."

ಲೆಕ್ಕ ಎಲ್ಲರಿಗೂ ಹಿಡಿಸಿತು. ಎಂಟು ಜನ ಬಂದರು. ಅವರಲ್ಲಿ ಬಚ್ಚಪ್ಪ ಎಂಬಾತ ಮೈಸೂರು ಮೈನ್ಸ್‌ನಲ್ಲಿ ಕೆಲಸಕ್ಕಿದ್ದವನು, ರಜೆಗೆ ಊರಿಗೆ ಬಂದಿದ್ದ. ಗಣಿಯಲ್ಲಿ ಇಷ್ಟು ಜನಕ್ಕೊಬ್ಬ ಮೇಸ್ತ್ರಿ ಇರಲೇಬೇಕೆಂದು ತಿಳಿಸಿ, ತಾನೇ ಮೇಸ್ತ್ರಿಯಾಗಿ ನೆರಳಿಗೆ ಹೋಗಿ ನಿಂತ. ಮೇಷ್ಟ್ರು ಎಂಟನ್ನು ಅಳಿಸಿ ಏಳು ಬರೆದು ಭಾಗಿಸಿದರು. ಎರಡು ಗಂಟೆ ಹದಿನೇಳು ನಿಮಿಷ ಬಂತು. ಪರವಾಗಿಲ್ಲ.

ಏಣಿ ಒಂದೇ ಇತ್ತು. ಇನ್ನೊಂದು ತರಲು ಇಬ್ಬರು ಹೋದರು. ಅವರು ಯಾಕೆ ಬರಲಿಲ್ಲವೆಂದು ನೋಡಲು ಮತ್ತೊಬ್ಬ ಹೋದ. ಉಳಿದವರು ನಾಲ್ವರು, ಅಂದರೆ ನಾಲ್ಕು ಗಂಟೆ. ಇನ್ಸ್‌ಪೆಕ್ಟರು ಬಂದು ಊಟ ಮಾಡಿ ಎದ್ದರೂ ಸೂರು ಏಳದು. ಮೇಷ್ಟ್ರು ನಾಲ್ಕನ್ನೂ ಅಳಿಸಿದರು. ಇನ್ನೂ ಜನ ಕರೆಯಿರಿ, ಹದಿನಾರು ಮಂದಿಯಾದರೆ ಒಂದೇ ಗಂಟೆ ಎಂದರು.

ಹದಿನಾರು ಮಂದಿಯೂ ಸೇರಿದರು. ಗಾಳಿ ಬರುವುದು ಪಡುವಣದಿಂದ, ಮೊದಲು ಆ ಕಡೆ ಹೊದಿಸಬೇಕು ಎಂದು ಅರ್ಧ ಜನ ಕನ್ನಡದಲ್ಲಿ ಹೇಳಿದರು. ಶುಭಕಾರ್ಯ ಮೂಡಣದಿಂದಲೇ ಎಂದು ಇನ್ನರ್ಧ ಜನ ತೆಲುಗಿನಲ್ಲಿ ಹೇಳಿದರು. ಬಚ್ಚಪ್ಪ ಮೇಸ್ತ್ರಿಯ ಗತ್ತಿನಲ್ಲಿ ತಮಿಳಿನಲ್ಲಿ ತೀರ್ಪು ಕೊಟ್ಟ. ಅದು ಯಾರಿಗೂ ಪೂರಾ ತಿಳಿಯಲಿಲ್ಲವಾದ್ದರಿಂದ ತಮ್ಮ ಪರವಾಗಿಯೇ ಆಯಿತೆಂದು ಎರಡು ಕಡೆಯವರೂ ಒಟ್ಟಿಗೇ ಮೇಲೆ ಹತ್ತಿದರು.

ಗಳಗಳು ಒಮ್ಮೆ ಕಿರ್ರೆಂದವು. ಆಮೇಲೆ ಕೆರೆಯಲ್ಲಿ ಎಮ್ಮೆ ಮಲಗುವ ಹಾಗೆ ಇಡೀ ಸೂರು ನಿಧಾನವಾಗಿ ಕೆಳಗಿಳಿಯಿತು. ಒಳಗೆ ಹುಲ್ಲು ರಾಶಿ ಹಾಕಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಸ್ಕೂಲಿನ ನಡುವೆ ಕುಳಿತು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಜಟಕಾ ಬಂದು ನಿಂತಿತು.

ಕೋದಂಡಪ್ಪನವರಿಗೆ ಬೇರೇನೂ ತೋಚಲಿಲ್ಲ. ಇನ್ಸ್‌ಪೆಕ್ಟರಿಗೆ ಕೈಮುಗಿದು, ಹುಣಸೆಮರದ ಕೆಳಗೆ ಮಕ್ಕಳನ್ನು ಕೂರಿಸಿ ಸೀಮೆಸುಣ್ಣ ಹಿಡಿದರು. ಈ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪಿತು ಎಂದು ಹೇಳಿಕೊಟ್ಟರು. ಒಬ್ಬೊಬ್ಬನ ಕೆಲಸವೂ ಒಂದೇ ಸಮವಿದ್ದು, ಒಬ್ಬನು ಇನ್ನೊಬ್ಬನಿಗೆ ಅಡ್ಡ ಬಾರದಿದ್ದರೆ ಮಾತ್ರ ಗುಣಲಬ್ಧ ಬದಲಾಗದೆ ನಿಲ್ಲುತ್ತದೆ ಎಂದರು. ಹುಲ್ಲು ಕೊಡವಿಕೊಂಡು ಬಂದ ಹದಿನಾರು ಜನರೂ ಹಿಂದೆ ಕುಳಿತು ತಲೆಯಾಡಿಸಿದರು. ಇನ್ಸ್‌ಪೆಕ್ಟರು ಕೊನೆಯವರೆಗೂ ಕದಲಲಿಲ್ಲ.

ಪಾಠ ಮುಗಿದ ಮೇಲೆ ಅವರು ಎದ್ದು ಬಂದು ಮೇಷ್ಟ್ರ ಭುಜದ ಮೇಲೆ ಕೈಯಿಟ್ಟರು. ಗೋಡೆಯ ಪಕ್ಕ ಮಜ್ಜಿಗೆ ಚೆಂಬು ಹಿಡಿದು ನಿಂತಿದ್ದ ಅನಸೂಯಮ್ಮನ ಮುಖ ಅರಳಿತು.

"ಇಂಥ ಪಾಠ ನಾನು ಎಲ್ಲೂ ಕೇಳಿಲ್ಲ," ಎಂದರು ಇನ್ಸ್‌ಪೆಕ್ಟರು. "ಕೋರಮಂಡಲ್‌ನಲ್ಲಿ ಬೆಂಚಿದೆ, ದೀಪ ಇದೆ. ಅಲ್ಲಿ ಯಾರನ್ನ ಹಾಕಿದರೂ ನಡೆಯುತ್ತೆ. ಊರಿಗೆ ಊರನ್ನೇ ಕೂರಿಸಿ ಪಾಠ ಹೇಳೋ ನಿಮ್ಮಂಥೋರು ಇಲ್ಲೇ ಇರಬೇಕು. ಈ ಸ್ಕೂಲಿಗೆ ಹಂಚು ಹಾಕಿಸೋಣ ಅಂತ ಬಂದೆ. ನಿಮಗೆ ಮರದ ನೆರಳೇ ಸಾಕು. ಹಂಚು ಬೇರೆ ಕಡೆಗಾಯಿತು."

ಅನಸೂಯಮ್ಮ ಚೆಂಬನ್ನು ಗೋಡೆಯ ಮೇಲಿಟ್ಟು ಮನೆ ಕಡೆ ನಡೆದಳು.

ಜಟಕಾ ಮರೆಯಾಯಿತು. ಮೇಷ್ಟ್ರು ಇಲ್ಲೇ ಉಳಿದರೆಂದು ಊರವರಿಗೆಲ್ಲ ಸಂತೋಷ. ಒಬ್ಬೊಬ್ಬರೇ ಎದ್ದು ಹೊರಟರು. ಮೇಷ್ಟ್ರು ಮೆಲ್ಲಗೆ, ಹಾಗಾದರೆ ಸೂರಿನ ಗತಿಯೇನು ಎಂದು ಕೇಳಿದರು.

ಚಿಕ್ಕಮುನಿಯಪ್ಪನವರು ವಲ್ಲಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ತಾವು ಎಲ್ಲೂ ಓಗಲ್ವಲ್ಲ ಸ್ವಾಮಿ, ಇನ್ನೇನು ಅವಸರ? ಸುಗ್ಗಿ ಕಳೀಲಿ, ನೋಡಾನ."